ಓದುಗರ ಪ್ರಶ್ನೆ: ಈ ಕಲ್ಲು ಹವಳದ ಪಳೆಯುಳಿಕೆಯೇ?

ಪ್ರಶ್ನೆ: ಕಾವೇರಿ ದಂಡೆಯಲ್ಲಿ ಮುಷ್ಟಿಗಾತ್ರದ ಕಪ್ಪು ಕಲ್ಲು ಸಿಕ್ಕಿದೆ. ಮೈತುಂಬ ತೂತು. ಕೆಲವು ಸಾಸಿವೆಯಷ್ಟು, ಕೆಲವು ಕಡಲೆಕಾಳಿನಷ್ಟು. ತೂತಿನೊಳಗೆ ಹೊಳಪಿದೆ. ನಿಂಬೆರಸ ಬಿಟ್ಟರೆ ನೊರೆ ಬರಲಿಲ್ಲ. ಹವಳವಿರಬಹುದೇ?
*ಓದುಗರು, ಶ್ರೀರಂಗಪಟ್ಟಣ*

ಉತ್ತರ: ಕಲ್ಲಿಗಿಂತ ಮೊದಲು ಅದು ಸಿಕ್ಕ ನೆಲವನ್ನು ನೋಡಬೇಕು. ಮೈಸೂರು, ಮಂಡ್ಯದ ತಳಬಂಡೆ ಬಹುಪಾಲು ಗ್ನೈಸ್, ಅಂದರೆ ಭೂಮಿಯ ಆಳದ ಶಾಖ, ಒತ್ತಡಕ್ಕೆ ರೂಪ ಬದಲಿಸಿದ ಪಟ್ಟೆಪಟ್ಟೆಯ ಬಂಡೆ. ಅದರ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಚಾಮುಂಡಿಬೆಟ್ಟದ ಗ್ರಾನೈಟ್ ಇದಕ್ಕಿಂತ ಎಳೆಯದು, ಆದರೂ ಸುಮಾರು 80 ಕೋಟಿ ವರ್ಷದ್ದು. ಮೇಲಾಗಿ ಅದು ಭೂಮಿಯೊಳಗೆ ಕರಗಿದ ಶಿಲಾಪಾಕ ಆರಿ ಗಟ್ಟಿಯಾದದ್ದು. ಸುಣ್ಣದ ಗೂಡು ಕಟ್ಟುವ ಹವಳ ಹುಟ್ಟಿದ್ದೇ ಸುಮಾರು 50 ಕೋಟಿ ವರ್ಷದ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿನ ಬಂಡೆಯೊಳಗೆ ಹವಳ ಸಿಗುವಂತಿಲ್ಲ. ಹೊಳೆ ತಂದಿರಬಹುದಲ್ಲ ಎಂದರೆ, ನಿಮ್ಮೂರಿಗೆ ನೀರು ಬರುವುದು ಕೊಡಗು, ಹಾಸನದ ಕಡೆಯಿಂದ. ಅಲ್ಲಿರುವುದೂ ಹಳೆಯ ಬಂಡೆಗಳೇ. ಹವಳವಿರುವ ಅರಿಯಲೂರಿನ ಸುಣ್ಣಕಲ್ಲು ತಮಿಳುನಾಡಿನಲ್ಲಿ, ಹೊಳೆ ಹರಿದು ಹೋಗುವ ದಿಕ್ಕಿನಲ್ಲಿದೆ.

ಇನ್ನು ಕಲ್ಲಿನ ವಿಚಾರ. ತೂತು ಕಂಡ ಕೂಡಲೇ ಹವಳ ಅನ್ನಿಸುವುದು ಸಹಜ, ಆದರೆ ತೂತು ಸಾಕ್ಷಿಯಲ್ಲ. ಗುಂಪುಹವಳದಲ್ಲಿ ಗೂಡುಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತವೆ. ಹೆಚ್ಚಿನ ಜಾತಿಗಳಲ್ಲಿ ಗೂಡಿನ ಅಂಚಿನಿಂದ ನಡುವಿಗೆ ಸೈಕಲ್ ಚಕ್ರದ ಕಡ್ಡಿಗಳಂತೆ ತೆಳು ಗೋಡೆಗಳು ಚಾಚಿರುತ್ತವೆ. ಇವೇ ಸೆಪ್ಟಾ. ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಲೆನ್ಸಿನಲ್ಲಿ, ಕಲ್ಲನ್ನು ಒದ್ದೆ ಮಾಡಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಹುಡುಕಿ. ನಿಮ್ಮ ಕಲ್ಲಿನ ತೂತುಗಳ ಅಳತೆ ಬೇರೆ ಬೇರೆ, ಒಳಮೈ ಗಾಜಿನಂತಿದೆ. ಇದು ಅನಿಲದ ಗುಳ್ಳೆಯ ಗುರುತು. ಕುಲುಮೆಯ ಕಿಟ್ಟವೋ, ಗೂಡಿನಲ್ಲಿ ಅತಿಯಾಗಿ ಬೆಂದು ಕರಗಿದ ಇಟ್ಟಿಗೆಯೋ ಇರಬೇಕು. ದಾರಕ್ಕೆ ಕಟ್ಟಿದ ಅಯಸ್ಕಾಂತ ಹತ್ತಿರ ಹಿಡಿದಾಗ ಎಳೆದರೆ ಕಿಟ್ಟದ ಸಾಧ್ಯತೆ ಹೆಚ್ಚು.

ನೊರೆಯ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ಹುಳಿ ಬಿದ್ದರೆ ಸುಣ್ಣ ನೊರೆ ಕಾರುತ್ತದೆ, ಹವಳದ ಗೂಡೂ ಸುಣ್ಣವೇ. ಆದರೆ ನಮ್ಮ ಹೊಲಗಳಲ್ಲಿ ಸಿಗುವ ಸುಣ್ಣದ ಉಂಡೆಗಳೂ ನೊರೆ ಕಾರುತ್ತವೆ, ಅವು ಮಣ್ಣಿನಲ್ಲೇ ಕಟ್ಟಿಕೊಂಡವು. ಬೆಣಚಿಗೆ ಮಾರ್ಪಟ್ಟ ನಿಜವಾದ ಹವಳ ನೊರೆ ಕಾರುವುದೇ ಇಲ್ಲ.

ಪ್ರಶ್ನೆ: ದೊಡ್ಡಕನ್ಯದ ಬಳಿ ಗಂಟುಗಂಟಾದ ಅಚ್ಚಬಿಳಿ ಕಲ್ಲು ಆರಿಸಿದ್ದೇವೆ. ನೋಡಲು ಥೇಟ್ ಹವಳ.
*ಓದುಗರು, ಮೈಸೂರು*

ಉತ್ತರ: ಅದು ಮ್ಯಾಗ್ನಸೈಟ್ ಎಂಬ ಖನಿಜ. ಆ ಭಾಗದಲ್ಲಿ ಇದರ ಗಣಿಗಾರಿಕೆಯೇ ನಡೆದಿದೆ. ಮುರಿದ ಮೈ ಪಿಂಗಾಣಿಯಂತೆ ನುಣುಪಾಗಿರುತ್ತದೆ, ಗೂಡುಗಳ ಸುಳಿವೇ ಇರುವುದಿಲ್ಲ. ತಣ್ಣನೆಯ ನಿಂಬೆರಸಕ್ಕೆ ಜಗ್ಗುವುದಿಲ್ಲ. ಸುಣ್ಣಕಲ್ಲಿನ ಪುಡಿಗಾದರೆ ಅದೇ ರಸ ಕೂಡಲೇ ಗುಳ್ಳೆ ಎಬ್ಬಿಸುತ್ತದೆ.

ಪ್ರಶ್ನೆ: ಅರಿಯಲೂರಿನಿಂದ ತಂದ ಸುಣ್ಣಕಲ್ಲಿನಲ್ಲಿ ನಕ್ಷತ್ರದಂಥ ಗುರುತುಗಳಿವೆ. ವಿನೆಗರ್‌ನಲ್ಲಿ ನೆನೆಹಾಕಿ ತೊಳೆಯಬಹುದೇ?
*ಓದುಗರು, ಮದ್ದೂರು*

ಉತ್ತರ: ದಯವಿಟ್ಟು ನೆನೆಹಾಕಬೇಡಿ! ಕಲ್ಲೂ ಸುಣ್ಣ, ಅದರೊಳಗಿನ ಪಳೆಯುಳಿಕೆಯೂ ಸುಣ್ಣವೇ ಇರುವ ಸಾಧ್ಯತೆ ಹೆಚ್ಚು. ಎರಡೂ ಒಟ್ಟಿಗೆ ಕರಗಿ, ಮೊದಲು ಹೋಗುವುದು ಆ ತೆಳು ಗೋಡೆಗಳೇ. ಬರಿ ನೀರು, ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಗಟ್ಟಿ ಮಣ್ಣನ್ನು ಬಿದಿರುಕಡ್ಡಿಯಿಂದ ಬಿಡಿಸಿ.

ನಿಮ್ಮದು ನಿಜವಾದ ಹವಳವಾಗಿರುವ ಸಂಭವವಿದೆ. ಅಲ್ಲಿನದು ಕ್ರಿಟೇಶಿಯಸ್ ಕಾಲದ ಸಮುದ್ರ, ಸುಮಾರು 10 ಕೋಟಿ ವರ್ಷ ಹಿಂದಿನದು. ಆ ಕಾಲದ ಹವಳಗಳಲ್ಲಿ ಸೆಪ್ಟಾ ಸಾಮಾನ್ಯವಾಗಿ ಆರು, ಹನ್ನೆರಡು, ಇಪ್ಪತ್ನಾಲ್ಕು ಹೀಗೆ ಆರರ ಲೆಕ್ಕದಲ್ಲಿ ಬೆಳೆಯುತ್ತವೆ. ಸವೆದ ಕಲ್ಲಿನಲ್ಲಿ ಎಣಿಸಲಾಗದಿದ್ದರೆ ಒಂದು ಮೂಲೆಯನ್ನಷ್ಟೇ ಉಜ್ಜಿ ನೋಡಿ. ಗಾಜಿನ ಹಲಗೆಯ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹನಿಸುತ್ತಾ 220, 400, 800, 1200 ನಂಬರಿನ ಕ್ರಮದಲ್ಲಿ ಉಜ್ಜಬೇಕು. ಪ್ರತಿ ಸಲ ಹಿಂದಿನ ಗೀರುಗಳು ಪೂರ್ತಿ ಹೋದ ಮೇಲೆಯೇ ಮುಂದಿನ ಕಾಗದ. ಅವಸರಪಟ್ಟರೆ ಒರಟು ಗೀರೇ ಸೆಪ್ಟಾದಂತೆ ಕಂಡು ದಾರಿ ತಪ್ಪಿಸುತ್ತದೆ. ಒಣ ಕಲ್ಲನ್ನು ಉಜ್ಜಬೇಡಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗೂಡುಗಳು ಅರ್ಧ ಮಿಲಿಮೀಟರಿಗಿಂತ ಚಿಕ್ಕದಾಗಿದ್ದು ಒಳಗೆ ಸೆಪ್ಟಾ ಇಲ್ಲದಿದ್ದರೆ ಅದು ಬಹುಶಃ ಬ್ರಯೋಜೋವಾ ಎಂಬ ಬೇರೆಯೇ ಪ್ರಾಣಿ.

ಯಾವ ಊರು, ಯಾವ ಹಳ್ಳ, ಎಷ್ಟನೇ ಪದರ ಎಂಬುದನ್ನು ಇಂದೇ ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗಿಡಿ. ಊರಿನ ಹೆಸರಿಲ್ಲದ ಪಳೆಯುಳಿಕೆ ಅಧ್ಯಯನಕ್ಕೆ ಹೆಚ್ಚು ಉಪಯೋಗಕ್ಕೆ ಬಾರದು. ಫೋಟೊದಲ್ಲಿ ಅಳತೆಗೆ ನಾಣ್ಯ ಬೇಡ. ಒಂದು ರೂಪಾಯಿಯ ಗಾತ್ರವೇ ಹಲವು ಬಾರಿ ಬದಲಾಗಿದೆ. ಮಿಲಿಮೀಟರ್ ಗೆರೆಯ ಸ್ಕೇಲ್ ಇಡಿ. ಫೋಟೊಗಳೊಂದಿಗೆ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ವಿಚಾರಿಸಬಹುದು.

ಪ್ರಶ್ನೆ: ಮನೆಯಲ್ಲಿ ಹಳೆಯ ಬಿಳಿ ಹವಳದ ತುಂಡಿದೆ. ಪಳೆಯುಳಿಕೆಯೋ, ಈಚಿನದೋ?
*ಓದುಗರು, ಮಂಡ್ಯ*

ಉತ್ತರ: ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿದ್ದು, ರಂಧ್ರಗಳು ಖಾಲಿಯಾಗಿದ್ದರೆ ಈಚಿನದಿರಬೇಕು. ಪಳೆಯುಳಿಕೆಯಲ್ಲಿ ಸಾಮಾನ್ಯವಾಗಿ ರಂಧ್ರಗಳೊಳಗೆ ಖನಿಜ ತುಂಬಿ ಕಲ್ಲು ಭಾರವಾಗಿರುತ್ತದೆ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಈಚಿನದೆಂದು ಅನ್ನಿಸಿದರೆ ಮಾರುವುದು, ಕೊಳ್ಳುವುದು ಬೇಡ. ಅರಣ್ಯ ಇಲಾಖೆಯನ್ನು ಕೇಳಿ.