ಮೂಳೆ ಕರಗಿಸುತ್ತಿರುವುದು ನಿಮ್ಮ ದೇಹವೇ

ಪ್ರಶ್ನೆ: ವಯಸ್ಸು 52, ಸಕ್ಕರೆ ಕಾಯಿಲೆ ಇದೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿವೆ. ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ ಕುಡಿಯಲು ಪರಿಚಯದವರು ಹೇಳಿದರು. ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ಈ ಕಷಾಯದ ಪ್ರಶ್ನೆ ಓದಿ ಓದಿ ಸಾಕಾಗಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಿಮ್ಮ ವಸಡಿನ ಕಾವಲು ಪಡೆ ಮಲಗಿಲ್ಲ. ಹಗಲೂ ರಾತ್ರಿ ಬಡಿದಾಡುತ್ತಿದೆ, ತೊಂದರೆ ಇರುವುದೇ ಅಲ್ಲಿ.

ಹಲ್ಲಿನ ಬುಡದ ಪಾಚಿಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಅವನ್ನು ಕೊಲ್ಲಲು ಬಿಳಿ ರಕ್ತಕಣಗಳು ನುಗ್ಗುತ್ತವೆ. ವಸಡು ಕೆಂಪಾಗಿ ಊದುವುದು ಅದಕ್ಕೇ. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹಲ್ಲಿನ ಸಂಶೋಧಕ ಹರಾಲ್ಡ್ ಲೋ ಮತ್ತು ಜೊತೆಗಾರರು 12 ಜನ ಆರೋಗ್ಯವಂತರ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದರು. 3 ವಾರದೊಳಗೆ ಎಲ್ಲರ ವಸಡೂ ಊದಿತ್ತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸರಿಹೋಯಿತು. ಕಷಾಯ ಯಾರೂ ಕುಡಿದಿರಲಿಲ್ಲ.

ನಿಮ್ಮದು ಆ ಹಂತ ದಾಟಿದ ಹಾಗಿದೆ. ಪಾಚಿ ಕಲ್ಲಿನಂಥ ಕಿಟ್ಟವಾಗಿ ವಸಡಿನ ಒಳಗೆ ಇಳಿದಾಗ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಬಿಳಿ ರಕ್ತಕಣಗಳು ಮಾತ್ರ ಬರುತ್ತಲೇ ಇರುತ್ತವೆ. ಬ್ಯಾಕ್ಟೀರಿಯಾಗೆಂದು ಅವು ಕಾರುವ ಕಿಣ್ವಗಳು ಹಲ್ಲನ್ನು ಹಿಡಿದಿರುವ ನಾರನ್ನೂ ತಿನ್ನುತ್ತವೆ. ಆ ಗಲಾಟೆಯ ಸುದ್ದಿ ಹಲ್ಲಿನ ಸುತ್ತಲಿನ ಮೂಳೆ ಕರಗಿಸುವ ಜೀವಕೋಶಗಳಿಗೆ ಹೋಗುತ್ತದೆ, ಅವೂ ಕೆಲಸಕ್ಕೆ ಇಳಿಯುತ್ತವೆ. ಹಲ್ಲು ಅಲ್ಲಾಡುವುದು ಹೀಗೆ. ಸಕ್ಕರೆ ಜಾಸ್ತಿ ಇದ್ದರೆ ಉರಿಯುವ ಬೆಂಕಿಗೆ ತುಪ್ಪ. ವಸಡಿನ ಊತದಿಂದ ಸಕ್ಕರೆ ಹತೋಟಿಯೂ ಕೆಡುತ್ತದೆ.

ಹಾಗಾಗಿ ಮೊದಲು ವಸಡಿನ ತಜ್ಞರಲ್ಲಿ ಹೋಗಿ ಆಳ ಅಳೆಸಿ. ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳ 3 ಮಿಲಿಮೀಟರ್‌ವರೆಗೆ ಸಹಜ. ಎಕ್ಸ್‌ರೇ ಬೇಕು, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ರಿಪೋರ್ಟ್ ತಗೊಂಡು ಹೋಗಿ. ಒಳಗಿನ ಕಿಟ್ಟ ತೆಗೆದರೆ ಜಗಳ ತಣ್ಣಗಾಗುತ್ತದೆ. ಹೋದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಆ ಎರಡು ಹಲ್ಲು ಉಳಿಯುತ್ತವಾ? ಎಕ್ಸ್‌ರೇ ನೋಡದೆ ನಾನು ಹೇಳಲಾರೆ. ನೋಡದೆ ಹೇಳುವವರಿಂದ ದೂರ ಇರಿ.

ಪ್ರಶ್ನೆ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತಂತೆ?

ಉತ್ತರ: ಮೊದಲೇ ಸಡಿಲವಾಗಿತ್ತು. ಕಿಟ್ಟ ಹಿಡಿದುಕೊಂಡಿತ್ತು, ಅಷ್ಟೆ.

ಪ್ರಶ್ನೆ: ಸಂತೆಯಲ್ಲಿ ಸಿಗುವ ಪುಡಿ ಉಜ್ಜಿದರೆ ಹಲ್ಲು ಗಟ್ಟಿಯಾಗುತ್ತದೆಯೇ?

ಉತ್ತರ: ಇಲ್ಲ. ಹಲ್ಲು ಸವೆಯುತ್ತದೆ.

ಪ್ರಶ್ನೆ: 20 ವರ್ಷದಿಂದ ಬೀಡಿ ಸೇದುತ್ತೇನೆ. ರಕ್ತವೇ ಬರುವುದಿಲ್ಲ. ವಸಡು ಚೆನ್ನಾಗಿದೆ ಅಂತ ಅಲ್ವಾ?

ಉತ್ತರ: ಅಲ್ಲ. ಹೊಗೆ ರಕ್ತ ಬರುವುದನ್ನು ಮುಚ್ಚಿಡುತ್ತದೆ, ಒಳಗೆ ಮೂಳೆ ಹೋಗುತ್ತಿರಬಹುದು. ನೀವು ಮೇಲಿನವರಿಗಿಂತ ಮೊದಲು ಹೋಗಿ ತೋರಿಸಿ.