ನಳಿಗೆಯ ತಿರುವು ನೋಡದೆ ಗುಂಡು ಕೊಳ್ಳಬೇಡಿ

ಪ್ರಶ್ನೆ: ಊರು ಶೃಂಗೇರಿ ಕಡೆ, ಈಗಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕ್ರಿಸ್‌ಮಸ್ ನಂತರದ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಹಳೇ ಬಗೆಯ ಕೋವಿ) ಸೀಸನ್ನಿನಲ್ಲಿ ಜಿಂಕೆ ಬೇಟೆಗೆ ಹೋಗಬೇಕೆಂದು .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು) ರೈಫಲ್ ಕೊಂಡಿದ್ದೇನೆ. ನಳಿಗೆಯೊಳಗಿನ ಸುರುಳಿ ಗೀರುಗಳ ತಿರುವು 1:66. ಅಂಗಡಿಯಲ್ಲಿ 250 ಗ್ರೇನಿನ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ಸೇಬಟ್ ಗುಂಡು, ಜೊತೆಗೆ ಪೆಲೆಟ್ ಮದ್ದು, ಅಂದರೆ ಗುಳಿಗೆಯಂತೆ ಒತ್ತಿದ್ದು, ತೋರಿಸಿದರು. 100 ಗ್ರೇನ್ ಹಾಕಲಾ, 150 ಹಾಕಲಾ? ನಮ್ಮಜ್ಜ ಕೇಪಿನ ಕೋವಿಗೆ ಅಂದಾಜಿನಲ್ಲೇ ಮದ್ದು ಹಾಕುತ್ತಿದ್ದರು.

ಉತ್ತರ: ಎರಡೂ ಬೇಡ. ಆ ಗುಂಡೂ ಬೇಡ, ಆ ಪೆಲೆಟ್ಟೂ ಬೇಡ.

ನಿಮ್ಮ ರೈಫಲ್ಲಿನಲ್ಲಿ ಗುಂಡು ಒಂದು ಸುತ್ತು ತಿರುಗಲು 66 ಇಂಚು ಬೇಕು. ಇದು ನಿಧಾನದ ತಿರುವು, ಬಟ್ಟೆ ಸುತ್ತಿದ ಉರುಟು ಸೀಸದ ಗುಂಡಿಗೆಂದೇ ಮಾಡಿದ್ದು. ಸೇಬಟ್ ಅಂದರೆ ಪ್ಲಾಸ್ಟಿಕ್ ಅಂಗಿ ತೊಟ್ಟ ಉದ್ದನೆಯ ಗುಂಡು, ಅದಕ್ಕೆ 1:28ರಂಥ ಬಿಗಿ ತಿರುವು ಬೇಕು. ನಿಮ್ಮದರಲ್ಲಿ ಹಾರಿಸಿದರೆ ಅದು ಅಡ್ಡಡ್ಡ ಹೊರಳಿಕೊಂಡು ಹೋಗಬಹುದು. ಮದ್ದು ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನು ಪೆಲೆಟ್‌ಗಳು 209 ಪ್ರೈಮರಿನ (ಆಧುನಿಕ ಕೋವಿಗಳಲ್ಲಿ ಮದ್ದು ಹೊತ್ತಿಸುವ ಪುಟ್ಟ ಸಿಡಿಕೇಪು) ಜೋರು ಕಿಡಿಗೆ ಮಾಡಿದವು, ಚಕಮಕಿ ಕಲ್ಲಿನ ಕಿಡಿಗೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಫ್ಲಿಂಟ್‌ಲಾಕಿಗೆ ನಿಜವಾದ ಕಪ್ಪು ಮದ್ದೇ ಆಗಬೇಕು. ಹೊಗೆಯಿಲ್ಲದ ಆಧುನಿಕ ಮದ್ದನ್ನಂತೂ ಒಂದು ಚಿಟಿಕೆಯೂ ಹಾಕಬೇಡಿ, ನಳಿಗೆ ಸಿಡಿದು ಕೈಯೋ ಕಣ್ಣೋ ಹೋಗುತ್ತದೆ.

ತಗೊಳ್ಳಬೇಕಾದ್ದು .490 ಇಂಚಿನ ಮೆತ್ತನೆ ಸೀಸದ ಗುಂಡು, ತೂಕ ಸುಮಾರು 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ. ಸುತ್ತಲು .015 ಇಂಚು ದಪ್ಪದ ಹತ್ತಿ ಬಟ್ಟೆ, ಎಣ್ಣೆಯೋ ಗ್ರೀಸೋ ಸವರಿದ್ದು. ಮದ್ದು 2ಎಫ್ (ಎಫ್ ಅಂದರೆ ಕಾಳಿನ ಅಳತೆ, ಅಂಕಿ ಹೆಚ್ಚಿದಷ್ಟೂ ಕಾಳು ನುಣ್ಣಗೆ). ಅದನ್ನು ತಕ್ಕಡಿಯಲ್ಲಿ ತೂಗುವ ರೂಢಿ ಇಲ್ಲ, ಗ್ರೇನ್ ಗುರುತಿರುವ ಅಳತೆ ಕೊಳವೆಯಲ್ಲಿ ಅಳೆಯುತ್ತಾರೆ. ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ, ಹಿಂದಿನ ಗುಂಡಿನ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಸಿಡಿಯುತ್ತದೆ.

ಈಗ ಎಷ್ಟು ಅನ್ನೋದು. 50 ಗ್ರೇನಿನಿಂದ ಶುರು ಮಾಡಿ, 50 ಗಜ ದೂರದ ಕಾಗದಕ್ಕೆ ಮೂರು ಗುಂಡು ಹೊಡೆಯಿರಿ, ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಲ್ಲಿ ನಳಿಗೆ ಒರೆಸಿ, ಆಮೇಲೆ 5 ಗ್ರೇನ್ ಏರಿಸಿ ಮತ್ತೆ ಮೂರು, ಹೀಗೆ ಹೋಗುತ್ತಾ ತೂತುಗಳು ಎಲ್ಲಿ ಹತ್ತಿರ ಹತ್ತಿರ ಬೀಳುತ್ತವೋ ಅದೇ ನಿಮ್ಮ ಅಳತೆ. ಬಹಳಷ್ಟು .50 ರೈಫಲ್‌ಗಳಿಗೆ 70-80ರ ಆಸುಪಾಸಿನಲ್ಲಿ ಅದು ಸಿಕ್ಕಿಬಿಡುತ್ತೆ. ತಯಾರಕರು ಕೊಟ್ಟ ಗರಿಷ್ಠ ಮಿತಿಯನ್ನು ಮಾತ್ರ ದಾಟಬಾರದು. ಮುಂದೆ ಬಿದ್ದ ಬಟ್ಟೆ ಚೂರನ್ನೂ ಹೆಕ್ಕಿ ನೋಡಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಗಿದೆ, ಇಲ್ಲವೇ ಎಣ್ಣೆ ಸಾಲದು.

ಮದ್ದು ಜಾಸ್ತಿ ಹಾಕಿ ಗಿಟ್ಟುವುದೂ ಕಡಿಮೆ. ಉರುಟು ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ, ಸೆಕೆಂಡಿಗೆ 1,800 ಅಡಿ ವೇಗದಲ್ಲಿ ಹೊರಟದ್ದು 100 ಗಜ ಮುಟ್ಟುವಾಗ 1,100ರ ಹತ್ತಿರ ಇಳಿದಿರುತ್ತದೆ. ಅದಕ್ಕೇ ಜಿಂಕೆಯನ್ನು 75 ಗಜದೊಳಗೆ ಬರಗೊಟ್ಟು ಹೊಡೆಯಿರಿ.

ಅಜ್ಜನ ಮಾತು ಬಂತಲ್ಲ. ಮಲೆನಾಡಿನ ಕೇಪಿನ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು, ಹಾಕುತ್ತಿದ್ದುದು ಹೆಚ್ಚಾಗಿ ಚರೆ, ಅಂದರೆ ಸಣ್ಣ ಸಣ್ಣ ಸೀಸದ ಕಾಳು. ಆ ಅಂದಾಜು ಇಲ್ಲಿಗೆ ಹೊಂದುವುದಿಲ್ಲ. (ಊರಿಗೆ ಹೋದಾಗ ಈ ಉಮೇದು ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.)

ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿರಬೇಕು, ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಗುಂಡನ್ನು ಒಳಗೆ ತಳ್ಳುವ ಕೋಲಿಗೆ, ಗುಂಡು ಪೂರ್ತಿ ಕೂತಾಗ ನಳಿಗೆಯ ಬಾಯಿಗೆ ಸರಿಯಾಗಿ, ಒಂದು ಗುರುತು ಹಾಕಿಕೊಳ್ಳಿ, ಪ್ರತಿ ಸಲ ನೋಡಿ. ಕಿಡಿ ಬೀಳುವ ಬಟ್ಟಲಿಗೆ 4ಎಫ್ ಮದ್ದು ಸ್ವಲ್ಪವೇ ಸಾಕು, ಪಕ್ಕದ ತೂತನ್ನು ಮುಚ್ಚುವಷ್ಟು ಹಾಕಿದರೆ ಬೆಂಕಿ ಒಳಗೆ ಹೋಗುವುದು ತಡವಾಗಿ ಗುರಿ ತಪ್ಪುತ್ತದೆ.