ಹಳೆಯ ಮ್ಯಾಕ್‌ಬುಕ್‌ನಲ್ಲಿ ವರ್ಡ್ ತಾನಾಗಿ ಮುಚ್ಚಿಹೋಗುತ್ತದೆ, ಕನ್ನಡದ ಒತ್ತಕ್ಷರ ಒಡೆಯುತ್ತದೆ. ಮ್ಯಾಕ್ ನಡೆಸುವ ಆಪರೇಟಿಂಗ್ ಸಿಸ್ಟಮ್‌ನ ಮುಂದಿನ ಆವೃತ್ತಿ ಕ್ಯಾಟಲಿನಾ ಹಾಕಿದರೆ ಸರಿಯಾಗುತ್ತದಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಭಾವ ದುಬೈಯಿಂದ ಬರುವಾಗ ತಂದುಕೊಟ್ಟ 2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ (ರೆಟಿನಾ ಅಲ್ಲದ್ದು), ಅದರಲ್ಲಿ ಹೈ ಸಿಯೆರಾ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್, ಜೊತೆಗೆ ಆಫೀಸ್ 2011. ಬದಿಯಡ್ಕದ ಹತ್ತಿರ ನಿಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ. ವರ್ಡ್ ಆಗಾಗ ಹೇಳದೆ ಕೇಳದೆ ಮುಚ್ಚಿಹೋಗುತ್ತದೆ, ಟೈಪ್ ಮಾಡಿದ ಕನ್ನಡ ಒಡೆದು ಬರುತ್ತದೆ, ಮಂಗಳೂರಿನಿಂದ ಬಂದ ಲೇಖನವಂತೂ ಓದಲಿಕ್ಕೇ ಆಗುವುದಿಲ್ಲ.

ಕ್ಯಾಟಲಿನಾ ಸದ್ಯಕ್ಕೆ ಬೇಡ. ನಿಮ್ಮ ಯಂತ್ರ ಅದನ್ನು ತಡೆದುಕೊಳ್ಳುತ್ತದೆ, ಆದರೆ ಆಫೀಸ್ 2011 ತಡೆದುಕೊಳ್ಳುವುದಿಲ್ಲ. ಅದು 32 ಬಿಟ್ ತಂತ್ರಾಂಶ, ಅಂದರೆ ಹಳೆಯ ಮಾದರಿಯದ್ದು; ಈಗಿನವು 64 ಬಿಟ್. 2019ರಲ್ಲಿ ಬಂದ ಕ್ಯಾಟಲಿನಾ 32 ಬಿಟ್ಟಿನದ್ದು ಯಾವುದನ್ನೂ ತೆರೆಯುವುದಿಲ್ಲ. ಅಪ್‌ಡೇಟ್ ಮುಗಿದು ನೋಡುವಾಗ ವರ್ಡ್, ಎಕ್ಸೆಲ್ ಎರಡೂ ಹೋಗಿರುತ್ತವೆ. ಹಿಂದಕ್ಕೆ ಬರಬೇಕಾದರೆ ಡಿಸ್ಕ್ ಅಳಿಸಿ ಮೊದಲಿಂದ ಎಲ್ಲ ಹಾಕಬೇಕು. ಸಂಚಿಕೆಯ ಕೆಲಸ ಅರ್ಧದಲ್ಲಿರುವಾಗ ಯಾಕೆ ಆ ರಗಳೆ?

ನಾನು ಕುಂಬಳೆ ಕಡೆ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಇಂಥ ಸಂಚಿಕೆ, ಇದೇ ಕೆಲಸ. ಕೊಲ್ಲಿಯಿಂದ ಬಂದ ಹಳೆಯ ಮ್ಯಾಕ್ ಹಿಡಿದುಕೊಂಡು ಬರುವವರು ನಮ್ಮಲ್ಲಿ ಕಡಿಮೆಯಿಲ್ಲ, ದೂರು ಸಹ ಹೆಚ್ಚುಕಡಿಮೆ ನಿಮ್ಮದೇ. ನೀವು ಒಂದೇ ರೋಗ ಅಂದುಕೊಂಡದ್ದು ನಿಜವಾಗಿ ಮೂರು ಬೇರೆ ಬೇರೆ ಸಂಗತಿ. ವರ್ಡ್ ಮುಚ್ಚಿಹೋಗುವುದು ಕೆಟ್ಟದ್ದು, ರಿಪೇರಿ ಉಂಟು. ಒತ್ತಕ್ಷರ ಒಡೆಯುವುದು ಕೆಟ್ಟದ್ದೇ ಅಲ್ಲ, ಆ ವರ್ಡ್ ಇರುವುದೇ ಹಾಗೆ. ಮಂಗಳೂರಿನ ಫೈಲಿಗೂ ನಿಮ್ಮ ಮ್ಯಾಕ್‌ಗೂ ಸಂಬಂಧವೇ ಇಲ್ಲ.

ಒತ್ತಕ್ಷರದ್ದೇ ಮೊದಲು ಹೇಳುತ್ತೇನೆ, ಜನ ಹೆಚ್ಚು ಹೊತ್ತು ಹಾಳುಮಾಡುವುದು ಅದರಲ್ಲೇ. ಒಂದು ಪರೀಕ್ಷೆ ಮಾಡಿ, ಮ್ಯಾಕ್ ಜೊತೆಗೇ ಬರುವ ಟೈಪಿಂಗ್ ತಂತ್ರಾಂಶದಲ್ಲಿ. ಟೆಕ್ಸ್ಟ್‌ಎಡಿಟ್ ತೆರೆದು ‘ಶ್ರೀಕ್ಷೇತ್ರ ಬ್ರಹ್ಮಕಲಶೋತ್ಸವ, ಕಾರ್ತಿಕ ಪೂರ್ಣಿಮೆ’ ಅಂತ ಟೈಪ್ ಮಾಡಿ. ಚೆನ್ನಾಗಿ ಕಾಣುತ್ತದೆ: ಬ ಕೆಳಗೆ ರ ಒತ್ತು, ತ ಕೆಳಗೆ ಸ ಒತ್ತು, ಪೂರ್ಣಿಮೆಯ ಅರ್ಕಾವತ್ತು ಅದರ ಜಾಗದಲ್ಲಿ. ಅದನ್ನೇ ಕಾಪಿ ಮಾಡಿ ವರ್ಡ್ 2011ಕ್ಕೆ ಹಾಕಿ. ಒತ್ತು ಕೆಳಗೆ ಇಳಿಯುವುದಿಲ್ಲ, ವ್ಯಂಜನ ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಲ್ಲುತ್ತದೆ, ಕೆಲವು ಕಡೆ ಚುಕ್ಕಿಗಳ ವೃತ್ತ ಬರುತ್ತದೆ. ಅಕ್ಷರ ಅದೇ, ಫಾಂಟ್ ಅದೇ, ಮ್ಯಾಕ್ ಸಹ ಅದೇ. ಮ್ಯಾಕ್‌ನಲ್ಲಿ ಕನ್ನಡ ಸರಿಯಾಗಿಯೇ ಉಂಟು. 2011ರ ಲಯನ್‌ನಿಂದಲೇ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಫಾಂಟುಗಳು ಅದರೊಳಗೇ ಬರುತ್ತವೆ. ಆದರೆ ಭಾರತೀಯ ಲಿಪಿಗಳ ಅಕ್ಷರ ಕೂಡಿಸುವ ಕೆಲಸ ವರ್ಡ್ 2011ಕ್ಕೆ ಗೊತ್ತೇ ಇರಲಿಲ್ಲ. ಮಲಯಾಳ ಹಾಕಿದರೂ ಇದೇ ಗತಿ, ನಮ್ಮಲ್ಲಿ ಎರಡೂ ಭಾಷೆಯಲ್ಲಿ ಕಾಗದ ಮಾಡಿಸುವವರಿಗೆ ಇದು ಗೊತ್ತಿರಲಿ. ಮ್ಯಾಕ್‌ನ ವರ್ಡ್‌ನಲ್ಲಿ ಇದು ಸರಿಯಾದದ್ದು 2016ರ ಆವೃತ್ತಿಯಲ್ಲಿ.

ಹಾಗಾಗಿ ಫಾಂಟ್ ಬದಲಿಸುವುದು, ವರ್ಡ್ ತೆಗೆದು ಮತ್ತೆ ಹಾಕುವುದು, ಯಾರೋ ಹೇಳಿದರು ಅಂತ ಇನ್ನೊಂದು ರಾಶಿ ಫಾಂಟ್ ತುಂಬಿಸುವುದು, ಇದರಿಂದ ಎಂತದೂ ಆಗುವುದಿಲ್ಲ ಮಾರಾಯ್ರೇ. ಕನ್ನಡದ ಕೆಲಸವನ್ನು ಆ ವರ್ಡ್‌ನಿಂದ ಹೊರಗೆ ತನ್ನಿ.

ಎಲ್ಲಿಗೆ ಅಂದರೆ, ನನ್ನ ಮಟ್ಟಿಗೆ ಲಿಬ್ರೆಆಫೀಸ್, ವರ್ಡ್, ಎಕ್ಸೆಲ್ ಮಾಡುವ ಕೆಲಸವನ್ನೇ ಮಾಡುವ ಇನ್ನೊಂದು ತಂತ್ರಾಂಶ. ಹಣ ಕೊಡಬೇಕಾಗಿಲ್ಲ, ಅದು ಒಂದು ಕಾರಣ. ಇನ್ನೊಂದು ನಮ್ಮ ಕಾಸರಗೋಡು ಜಿಲ್ಲೆಯದ್ದೇ ಕಾರಣ. ಕೇರಳದ ಶಾಲೆಗಳಲ್ಲಿ ಕೈಟ್ (ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ನಡೆಯುತ್ತದೆ, ಅದರಲ್ಲಿ ಇರುವುದು ಲಿಬ್ರೆಆಫೀಸ್. ಊರಿನ ಕನ್ನಡ ಶಾಲೆಯ ಮಾಸ್ತರರೋ ಟೀಚರೋ ಸಂಚಿಕೆಗೆ ಲೇಖನ ಕೊಟ್ಟರೆ ಫೈಲಿನ ಹೆಸರಿನ ಕೊನೆಗೆ ಓಡಿಟಿ ಅಂತ, ಅಂದರೆ ಲಿಬ್ರೆಆಫೀಸಿನ ಫೈಲಿನ ಗುರುತು, ಇರುವ ಸಂಭವ ಹೆಚ್ಚು. ವರ್ಡ್ 2011 ಅದನ್ನು ತೆರೆಯುವುದೇ ಇಲ್ಲ. ಇಳಿಸಿಕೊಳ್ಳುವಾಗ ಮಾತ್ರ ಜಾಗ್ರತೆ: ಈಗಿನ ಹೊಸ ಆವೃತ್ತಿ ನಿಮ್ಮ ಹೈ ಸಿಯೆರಾದಲ್ಲಿ ಓಡುವುದಿಲ್ಲ. ಅವರದ್ದೇ ತಾಣದಲ್ಲಿ ಹಳೆಯ ಆವೃತ್ತಿಗಳ ಸಂಗ್ರಹ ಉಂಟು, ಅಲ್ಲಿಂದ 7ರ ಸಾಲಿನ ಮೊದಮೊದಲಿನದ್ದೊಂದನ್ನು ತೆಗೆದುಕೊಳ್ಳಿ. ಬೇರೆ ಯಾವ್ಯಾವುದೋ ಡೌನ್‌ಲೋಡ್ ತಾಣಗಳಿಗೆ ಹೋಗಬೇಡಿ.

ಹಾಕಿದ ಮೇಲೆ ಒಂದು ಸೆಟ್ಟಿಂಗ್ ಮಾಡಲೇಬೇಕು. ಪ್ರಿಫರೆನ್ಸಸ್‌ನಲ್ಲಿ ಲ್ಯಾಂಗ್ವೇಜ್ ಸೆಟ್ಟಿಂಗ್ಸ್, ಅದರೊಳಗೆ ಲ್ಯಾಂಗ್ವೇಜಸ್. ಅಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವಲ್ಲಿ ಟಿಕ್ ಹಾಕಿ ಕನ್ನಡ ಆರಿಸಿ. ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು ಫಾಂಟ್ ಅಂತ ಬೇರೆ ಬೇರೆ ಲೆಕ್ಕ ಇಡುತ್ತದೆ. ಇದು ತಿಳಿಯದಿದ್ದರೆ ಅಕ್ಷರದ ಗಾತ್ರ ಒಂದು ಕಡೆ ಬದಲಿಸಿದ್ದು ಇನ್ನೊಂದು ಕಡೆ ಬದಲಾಗಲಿಲ್ಲ ಅಂತ ತಲೆ ಕೆಡುತ್ತದೆ. ವಿಂಡೋಸ್‌ನವರು ತುಂಗಾ, ನಿರ್ಮಲಾ ಫಾಂಟಿನಲ್ಲಿ ಮಾಡಿ ಕಳಿಸಿದ ಫೈಲು ನಿಮ್ಮಲ್ಲಿ ಬೇರೆ ಫಾಂಟಿನಲ್ಲಿ ಕಾಣುತ್ತದೆ, ಪುಟ ಹಿಂದೆ ಮುಂದೆ ಆಗುತ್ತದೆ. ಅದಕ್ಕೆ ಹೆದರಬೇಡಿ.

ಟೈಪ್ ಮಾಡಲಿಕ್ಕೆ ಸಿಸ್ಟಮ್ ಪ್ರಿಫರೆನ್ಸಸ್‌ನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸಸ್‌ಗೆ ಹೋಗಿ ಕನ್ನಡ ಸೇರಿಸಿದರೆ ಸಾಕು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಮೊದಲು ಸ್ವಲ್ಪ ಕಿರಿಕಿರಿ ಆಗುತ್ತದೆ; ನುಡಿಯದ್ದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದ ದಾರಿ, ಮ್ಯಾಕ್‌ನದ್ದು ಬೇರೆ.

ಈಗ ಮಂಗಳೂರಿನ ಲೇಖನ. ನೀವು ಹೇಳಿದ ಲಕ್ಷಣ ನೋಡಿದರೆ ಅದು ನುಡಿಯ ಹಳೆಯ ಆಸ್ಕಿ ಫಾಂಟಿನದ್ದು. ಆ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ‘ಕನ್ನಡ’ ಅಂತ ಅವರು ಬರೆದದ್ದು ಫಾಂಟ್ ಇಲ್ಲದ ಕಡೆ ಪಿ, ತಲೆಯ ಮೇಲೆ ಗೀಟು ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಹೀಗೆ ಕಾಣುತ್ತದೆ. ಫೈಲಿನಲ್ಲಿ ಅಲ್ಲಲ್ಲಿ ಪೌಂಡ್ ಚಿಹ್ನೆ ಕಂಡರೆ ಅದು ನ ಅಂತ ತಿಳಿಯಿರಿ. ಅವರು ಬಳಸಿದ ನುಡಿ ಫಾಂಟನ್ನು ಮ್ಯಾಕ್‌ಗೆ ಹಾಕಿದರೆ ಓದಲಿಕ್ಕೆ ಬರುತ್ತದೆ, ತಮಾಷೆ ಅಂದರೆ ವರ್ಡ್ 2011ರಲ್ಲಿಯೂ ಬರುತ್ತದೆ, ಯಾಕೆಂದರೆ ಅಲ್ಲಿ ಕೂಡಿಸುವ ಕೆಲಸವೇ ಇಲ್ಲ. ಆದರೆ ಆ ಫೈಲನ್ನು ತಿದ್ದಬೇಕಾದರೆ ಮೊದಲು ವರ್ಡ್‌ನ ಆಟೋಕರೆಕ್ಟ್ ಪೂರ್ತಿ ಆಫ್ ಮಾಡಿ. ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುತ್ತೇನೆ ಅಂತ ಅದು ಸಣ್ಣ ಅಕ್ಷರ ತೆಗೆದು ದೊಡ್ಡದು ಹಾಕುತ್ತದೆ, ಇಲ್ಲಿ ಎರಡೂ ಬೇರೆ ಬೇರೆ ಕನ್ನಡ ಅಕ್ಷರ. ಗೊತ್ತಿಲ್ಲದೆ ಹೆಸರುಗಳೇ ಬದಲಾಗಿಬಿಡುತ್ತವೆ. ಸಂಚಿಕೆಯಲ್ಲಿ ದಾನಿಗಳ ಪಟ್ಟಿ ಇರುತ್ತದಲ್ಲ, ಒಂದು ಹೆಸರು ತಪ್ಪಿದರೆ ಮತ್ತೆ ಕೇಳುವುದು ಬೇಡ.

ಅದನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಕಡೆ ಓದಲಿಕ್ಕೆ ಬರುವ ಕನ್ನಡಕ್ಕೆ, ಬದಲಿಸುವ ಪರಿವರ್ತಕಗಳು ಬ್ರೌಸರಿನಲ್ಲೇ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡದ ಕಸ ಮಾಡುತ್ತದೆ, ಅದನ್ನು ಕೈಯಲ್ಲೇ ಸರಿಮಾಡಬೇಕು.

ಉಳಿದದ್ದು ವರ್ಡ್ ಮುಚ್ಚಿಹೋಗುವುದು. ಎಕ್ಸೆಲ್‌ನಲ್ಲಿ ಚಂದಾದ ಲೆಕ್ಕ ಇಟ್ಟಿದ್ದೇನೆ, ಆಫೀಸ್ ಬಿಡಲಿಕ್ಕಾಗುವುದಿಲ್ಲ ಅಂತ ಬರೆದಿದ್ದೀರಿ, ಹಾಗಾಗಿ ಇದನ್ನು ಸರಿಮಾಡಿಕೊಳ್ಳುವುದೇ ಒಳ್ಳೆಯದು. ಮೊದಲು ತಪ್ಪು ಎಲ್ಲಿ ಅಂತ ನೋಡಿ: ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ ಹೊಸ ಯೂಸರ್ ಒಂದನ್ನು ಮಾಡಿ, ಅದರಲ್ಲಿ ಲಾಗಿನ್ ಆಗಿ ವರ್ಡ್ ತೆರೆದು ಸ್ವಲ್ಪ ಹೊತ್ತು ಕೆಲಸ ಮಾಡಿ. ಅಲ್ಲಿ ಮುಚ್ಚಿಹೋಗದಿದ್ದರೆ ತಂತ್ರಾಂಶ ಚೆನ್ನಾಗಿ ಉಂಟು, ನಿಮ್ಮ ಖಾತೆಯ ಸೆಟ್ಟಿಂಗ್ ಫೈಲುಗಳು ಹಾಳಾಗಿವೆ ಅಂತ ಅರ್ಥ. ಹೆಚ್ಚಿನ ಸಲ ನಾರ್ಮಲ್ ಅನ್ನುವ ಟೆಂಪ್ಲೇಟ್ ಕೆಟ್ಟಿರುತ್ತದೆ. ವರ್ಡ್ ಪೂರ್ತಿ ಮುಚ್ಚಿ, ಫೈಂಡರ್‌ನಲ್ಲಿ ಆಪ್ಶನ್ ಕೀ ಒತ್ತಿಹಿಡಿದು ಗೋ ಮೆನು ತೆರೆಯಿರಿ. ಕೀ ಒತ್ತಿದಾಗ ಮಾತ್ರ ಲೈಬ್ರರಿ ಅನ್ನುವ ಫೋಲ್ಡರ್ ಕಾಣುತ್ತದೆ. ಅದರಲ್ಲಿ ಅಪ್ಲಿಕೇಶನ್ ಸಪೋರ್ಟ್, ಮೈಕ್ರೋಸಾಫ್ಟ್, ಆಫೀಸ್, ಯೂಸರ್ ಟೆಂಪ್ಲೇಟ್ಸ್ ಅಂತ ಒಳಗೊಳಗೆ ಹೋದರೆ ನಾರ್ಮಲ್ ಫೈಲು ಸಿಗುತ್ತದೆ. ಅಳಿಸಬೇಡಿ, ಡೆಸ್ಕ್‌ಟಾಪಿಗೆ ಎಳೆದು ಇಡಿ. ವರ್ಡ್ ಮತ್ತೆ ತೆರೆದಾಗ ಹೊಸದೊಂದನ್ನು ತಾನೇ ಮಾಡಿಕೊಳ್ಳುತ್ತದೆ. ಡಾಕ್ಯುಮೆಂಟ್ಸ್‌ನಲ್ಲಿ ಮೈಕ್ರೋಸಾಫ್ಟ್ ಯೂಸರ್ ಡೇಟಾ ಅಂತ ಒಂದು ಫೋಲ್ಡರ್ ಇರುತ್ತದೆ, ಬೇಡದ್ದು ಅಂತ ಅದನ್ನು ತೆಗೆಯಬೇಡಿ. ಸೇವ್ ಮಾಡುವ ಮೊದಲೇ ವರ್ಡ್ ಮುಚ್ಚಿಹೋದಾಗ ಉಳಿದ ಪ್ರತಿ ಅಲ್ಲಿ, ಇಲ್ಲವೆ ಮೊದಲು ಹೇಳಿದ ಆಫೀಸ್ ಫೋಲ್ಡರಿನೊಳಗೆ ಆಫೀಸ್ 2011 ಆಟೋರಿಕವರಿ ಅನ್ನುವಲ್ಲಿ ಇರುತ್ತದೆ.

ಇಷ್ಟಕ್ಕೂ ಸರಿಯಾಗದಿದ್ದರೆ ಫಾಂಟುಗಳ ಮೇಲೆ ನನ್ನ ಸಂಶಯ. ಆಫೀಸ್ 2011 ತನ್ನದೇ ಒಂದು ಗಂಟು ಫಾಂಟ್ ತಂದು ಹಾಕುತ್ತದೆ, ಒಂದೇ ಹೆಸರಿನದ್ದು ಎರಡೆರಡು ಆಗುತ್ತದೆ. ಅದರ ಮೇಲೆ ನೀವು ಇಳಿಸಿಕೊಂಡ ಕನ್ನಡ ಫಾಂಟುಗಳು ಬೇರೆ. ಫಾಂಟ್ ಬುಕ್ ತೆರೆದು ಎಲ್ಲವನ್ನೂ ಆರಿಸಿ ವ್ಯಾಲಿಡೇಟ್ ಕೊಡಿ, ಕೆಟ್ಟದ್ದನ್ನು ತೆಗೆಯಿರಿ, ಎರಡು ಪ್ರತಿ ಇರುವುದರಲ್ಲಿ ಒಂದನ್ನು ಆಫ್ ಮಾಡಿ. ಆಮೇಲೆ ಶಿಫ್ಟ್ ಕೀ ಹಿಡಿದುಕೊಂಡು ಮ್ಯಾಕ್ ಆನ್ ಮಾಡಿದರೆ ಸೇಫ್ ಮೋಡ್‌ನಲ್ಲಿ ಬರುತ್ತದೆ, ಫಾಂಟಿನ ಹಳೆಯ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಹೋಗುತ್ತದೆ. ಮತ್ತೆ ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ. ಅಬೌಟ್ ವರ್ಡ್‌ನಲ್ಲಿ ಆವೃತ್ತಿಯನ್ನೂ ನೋಡಿ; 14.7.7 ಕೊನೆಯದು. 2017ರ ಅಕ್ಟೋಬರ್ 10ಕ್ಕೆ ಅದರ ಬೆಂಬಲ ನಿಂತಿದೆ. ಇನ್ನು ಭದ್ರತೆಯ ಅಪ್‌ಡೇಟ್ ಇಲ್ಲ, ಗುರುತಿಲ್ಲದವರ ಫೈಲನ್ನು ಅದರಲ್ಲಿ ತೆರೆಯಬೇಡಿ, ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ.

ಹಳೆಯ, ಹೊಸ ಎರಡೂ ಯೂಸರ್‌ನಲ್ಲೂ ತೊಂದರೆ ಬಂದು, ಇಡೀ ಮ್ಯಾಕ್ ಆಮೆಯ ಹಾಗೆ ನಡೆಯುತ್ತಿದ್ದರೆ ಡಿಸ್ಕ್ ಹಳತಾಗಿರಬಹುದು. ಡಿಸ್ಕ್ ಯುಟಿಲಿಟಿಯಲ್ಲಿ ಫಸ್ಟ್ ಏಡ್ ಮಾಡಿ ನೋಡಿ. ಈ ಮಾದರಿಯಲ್ಲಿ ಒಂದು ಒಳ್ಳೆಯ ವಿಷಯ ಉಂಟು, ಹಿಂದಿನ ಮುಚ್ಚಳ ಸ್ಕ್ರೂ ಬಿಚ್ಚಿ ತೆಗೆದರೆ ಡಿಸ್ಕ್, ರ‍್ಯಾಮ್ ಎರಡನ್ನೂ ಬದಲಿಸಬಹುದು. ಸಾದಾ ಲ್ಯಾಪ್‌ಟಾಪಿಗೆ ಹಾಕುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸಾಕು. ಹಣ ಹಾಕುವುದಾದರೆ ನಾನು ಅದಕ್ಕೇ ಹಾಕುತ್ತೇನೆ, ಇಷ್ಟು ಹಳೆಯ ಯಂತ್ರಕ್ಕೆ ಆಫೀಸ್ ಚಂದಾ ಕಟ್ಟುವುದಕ್ಕಲ್ಲ. ಚಂದಾದ ಆಫೀಸ್, ಅಂದರೆ ಮೈಕ್ರೋಸಾಫ್ಟ್ 365, ಹೈ ಸಿಯೆರಾಕ್ಕೆ 16.43ನೆಯ ಆವೃತ್ತಿಯಲ್ಲಿ, ಕ್ಯಾಟಲಿನಾಕ್ಕೆ 16.66ರಲ್ಲಿ ನಿಂತುಹೋಗಿದೆ. ಅಗ್ಗಕ್ಕೆ ಆಫೀಸ್ ಹಾಕಿಕೊಡುತ್ತೇನೆ ಅನ್ನುವವರಿಂದ ದೂರ ಇರಿ. ಬ್ರೌಸರಿನಲ್ಲಿ ಕೆಲಸ ಮಾಡುವ ಯೋಚನೆ ಇದ್ದರೆ ಹಳೆಯ ಸಫಾರಿ ಬಿಟ್ಟು ಫೈರ್‌ಫಾಕ್ಸ್‌ನ 115 ಇಎಸ್‌ಆರ್ ಅನ್ನುವ ಆವೃತ್ತಿ ಹಾಕಿ, ಅದು ಹೈ ಸಿಯೆರಾದಲ್ಲಿ ಓಡುತ್ತದೆ.

ಸಂಚಿಕೆ ಮುಗಿದ ಮೇಲೆ ಬೇಕಾದರೆ ಟೈಮ್ ಮಶೀನ್‌ನಲ್ಲಿ ಬ್ಯಾಕಪ್ ತೆಗೆದು, ಎಕ್ಸೆಲ್ ಲೆಕ್ಕ ಲಿಬ್ರೆಆಫೀಸ್‌ನಲ್ಲಿ ಸರಿ ತೆರೆಯುತ್ತದಾ ನೋಡಿ, ಕ್ಯಾಟಲಿನಾದ ಯೋಚನೆ ಮಾಡಿ. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳ ತಂತ್ರಾಂಶವೂ 32 ಬಿಟ್ ಇರಬಹುದು. ಸಿಸ್ಟಮ್ ರಿಪೋರ್ಟ್‌ನ ಅಪ್ಲಿಕೇಶನ್ಸ್ ಪಟ್ಟಿಯಲ್ಲಿ 64 ಬಿಟ್ ಹೌದೋ ಅಲ್ಲವೋ ಅಂತ ಬರೆದಿರುತ್ತದೆ.

ಇದಕ್ಕೆಲ್ಲ ಕೈಹಾಕುವ ಮೊದಲು ನಿಮ್ಮ ಪ್ರೆಸ್ಸಿನವರಿಗೆ ಒಂದು ಫೋನ್ ಮಾಡಿ, ಅವರಿಗೆ ಯೂನಿಕೋಡ್ ಬೇಕಾ ನುಡಿ ಬೇಕಾ ಕೇಳಿ. ನಮ್ಮ ಕಡೆ ಇನ್ನೂ ಪೇಜ್‌ಮೇಕರ್ ಅನ್ನುವ ಹಳೆಯ ತಂತ್ರಾಂಶದಲ್ಲಿ ಪುಟ ಕಟ್ಟುವವರು ಇದ್ದಾರೆ, ಅವರಿಗೆ ಯೂನಿಕೋಡ್ ಕೊಟ್ಟರೆ ಅವರು ಅದನ್ನು ಮತ್ತೆ ನುಡಿಗೇ ತಿರುಗಿಸುತ್ತಾರೆ. ಹಾಗಿದ್ದರೆ ಮಂಗಳೂರಿನ ಲೇಖನವನ್ನು ಮುಟ್ಟಲೇಬೇಡಿ, ಬಂದ ಹಾಗೆಯೇ ಕಳಿಸಿ. ಪುಟ ನೀವೇ ಕಟ್ಟಿ ಕೊಡುವುದಾದರೆ ಲಿಬ್ರೆಆಫೀಸ್‌ನಿಂದ ಪಿಡಿಎಫ್ ಮಾಡಿ ಕೊಡಿ, ಫಾಂಟ್ ಅದರೊಳಗೇ ಕೂತಿರುತ್ತದೆ. ಪುಟದ ಅಳತೆ ಎಷ್ಟು, ಅಂಚು ಎಷ್ಟು ಬಿಡಬೇಕು ಅಂತ ಅದೇ ಫೋನಿನಲ್ಲಿ ಕೇಳಿಕೊಳ್ಳಿ.